ಅನ್ನದಾಸೋಹವಾಯಿತು, ಸೂರಿನ ದಾಸೋಹ ಎಂದು?

ಓಂ ಶ್ರೀ ಗುರುಬಸವಲಿಂಗಾಯ ನಮಃ



ವಚನವೊಂದನ್ನು ಎತ್ತಿಕೊಂಡು ಅದರ ಪದಪದವನ್ನೂ ಬಿಡಿಸಿ ಅರ್ಥ ಹೇಳುವುದು ಈ ಪುಟದ ವಾಡಿಕೆ. ಇಂದು ಆ ವಾಡಿಕೆಯನ್ನು ಬದಿಗಿರಿಸಿ, ಶರಣರು ನಮಗಿತ್ತ ಒಂದು ತತ್ತ್ವವನ್ನು ನಾವು ಎಷ್ಟು ಕಿರಿದುಗೊಳಿಸಿಕೊಂಡಿದ್ದೇವೆ ಎಂಬುದನ್ನು ನೇರವಾಗಿ ಹೇಳಬೇಕಾಗಿದೆ. ಕೆಲವರಿಗೆ ಮಾತು ಕಹಿಯೆನಿಸೀತು. ಬೇವಿನ ಕಷಾಯವೂ ಕಹಿಯೇ.

ದಾಸೋಹವೆಂದರೆ ಇಂದು ನಮ್ಮ ಸಮಾಜದಲ್ಲಿ ಊಟವೆಂದೇ ಅರ್ಥವಾಗಿಬಿಟ್ಟಿದೆ. ಜಾತ್ರೆಗೆ ದಾಸೋಹ, ಜಯಂತಿಗೆ ದಾಸೋಹ, ಗೃಹಪ್ರವೇಶದ ಕರೆಯೋಲೆಯಲ್ಲಿಯೂ ದಾಸೋಹ. ಅನ್ನವಿಕ್ಕುವುದನ್ನು ಇಲ್ಲಿ ಯಾರೂ ಹಗುರಾಗಿ ಕಾಣುತ್ತಿಲ್ಲ. ಸಿದ್ಧಗಂಗೆಯ ಒಲೆ ಆರದೆ ಉರಿಯುತ್ತ ಬಂದ ಕಾರಣದಿಂದ ಎಷ್ಟು ಸಾವಿರ ಬಡ ಮಕ್ಕಳು ಅಕ್ಷರ ಕಲಿತರೆಂಬುದನ್ನು ನಾಡು ಬಲ್ಲದು. ಆದರೆ ಬಸವಣ್ಣನವರು ಕಲ್ಯಾಣದಲ್ಲಿ ಕಟ್ಟಿದ್ದಕ್ಕೆ ಇದ್ದ ಹೆಸರೇನೆಂಬುದನ್ನು ನೆನೆಯಿರಿ. ಅದು ಮಹಾಮನೆ. ಆ ಹೆಸರಿನಲ್ಲಿರುವುದು ಮನೆ. ಜಾತಿಯ ಕಾರಣದಿಂದ ಯಾವ ಹೊಸ್ತಿಲೂ ತಮ್ಮನ್ನು ಒಳಗೆ ಬಿಡದಿದ್ದವರಿಗೆ ಮೊದಲು ಬೇಕಾಗಿದ್ದುದು ಒಳಗೆ ಬನ್ನಿ ಎನ್ನುವ ಬಾಗಿಲು, ತಲೆಯ ಮೇಲೊಂದು ಸೂರು. ಅನ್ನ ಆ ಬಾಗಿಲನ್ನು ದಾಟಿದ ಮೇಲೆ ಬಂದದ್ದು. ಎಲೆ ಹಾಸಿ ಬಡಿಸುವುದನ್ನು ಉಳಿಸಿಕೊಂಡ ನಾವು ಬಾಗಿಲನ್ನು ಮರೆತಿದ್ದೇವೆ.

ಇನ್ನೂ ಒಂದು ಸಂಗತಿಯನ್ನು ಮರೆತಿದ್ದೇವೆ. ಹನ್ನೆರಡನೆಯ ಶತಮಾನದಲ್ಲಿ ಕಲ್ಯಾಣದ ಕ್ರಾಂತಿ ರಕ್ತದಲ್ಲಿ ಮುಗಿದಾಗ ನಮ್ಮ ಹಿರಿಯರೆಲ್ಲರೂ ನಿರಾಶ್ರಿತರಾದರು. ಚೆನ್ನಬಸವಣ್ಣನವರು, ಅಕ್ಕನಾಗಮ್ಮನವರು, ಅವರ ಹಿಂದೆ ನಡೆದ ಶರಣ ಸಮೂಹ ಕಟ್ಟಡವಿಗಳನ್ನು ದಾಟಿ ಉತ್ತರ ಕನ್ನಡದ ಉಳವಿಯನ್ನು ಸೇರಿತು. ಅಲ್ಲಿ ಇಂದಿಗೂ ಭಕ್ತರು ನಮಿಸಿ ಬರುವ ತಾಣಗಳು ಗವಿಗಳು. ಅಕ್ಕನಾಗಮ್ಮನವರ ಗವಿ, ಮಹಾಮನೆಯ ಗವಿ. ಅರಮನೆಯ ಭಂಡಾರಿಯ ಬಂಧುಬಳಗ ಬಂಡೆಯ ಸಂದಿನಲ್ಲಿ ಮಳೆಯಿಂದ ತಲೆ ಮರೆಸಿಕೊಂಡಿತ್ತೆಂಬುದಕ್ಕೆ ಆ ಗವಿಗಳು ಸಾಕ್ಷಿ. ವಚನದ ಕಟ್ಟುಗಳನ್ನು ಹೊತ್ತು ಹೊರಟ ಆ ಜನಕ್ಕೆ ದಾರಿಯುದ್ದಕ್ಕೂ ಹೆಸರಿಲ್ಲದ ಎಷ್ಟೋ ಮನೆಗಳು ಒಂದು ರಾತ್ರಿಯ ಜಗುಲಿಯನ್ನು ಬಿಟ್ಟುಕೊಡದಿದ್ದರೆ ಇಂದು ವ್ಯಾಖ್ಯಾನ ಬರೆಯಲು ವಚನಗಳೇ ಉಳಿಯುತ್ತಿರಲಿಲ್ಲ. ಇಂತಹ ಪರಂಪರೆಯವರು ನೆರೆಯಲ್ಲಿ ಮನೆ ಕಳೆದುಕೊಂಡವನನ್ನು ಕಂಡು ಒಂದು ಪಾಕೀಟು ಉಪ್ಪಿಟ್ಟು ಕೊಟ್ಟು ಕೈ ತೊಳೆದುಕೊಳ್ಳುವುದು ಎಂತು?

ಉಡುಪಿ ಸೀಮೆಯಲ್ಲಿರುವ ಶ್ರೀಮಠದ ಭಕ್ತರಿಗೆ ಇದನ್ನು ವಿಶೇಷವಾಗಿ ಹೇಳಬೇಕಾಗಿದೆ. ಕೆಳದಿಯ ಅರಸರು ಈ ಕರಾವಳಿಯನ್ನು 1763ರವರೆಗೆ ಆಳಿದರು. ನಮ್ಮವರು ಇಲ್ಲಿಗೆ ಆಗ ಅಧಿಕಾರಿಗಳಾಗಿ ಬಂದರು. ಮುಂದೆ ಬ್ಯಾಂಕಿನ ನೌಕರರಾಗಿ, ವೈದ್ಯರಾಗಿ, ಅಧ್ಯಾಪಕರಾಗಿ ಬಂದರು. ಈಗ ಕಟ್ಟಡದ ಕೂಲಿಗಳಾಗಿ ಬರುತ್ತಿದ್ದಾರೆ. ವಿಜಯಪುರ, ಬಾಗಲಕೋಟೆ, ಗದಗ, ಕೊಪ್ಪಳ, ರಾಯಚೂರುಗಳಿಂದ ಬಂದ ಸಂಸಾರಗಳು ಬೀಡಿನಗುಡ್ಡೆಯಲ್ಲಿ, ಮಣಿಪಾಲದ ಬಹುಮಹಡಿ ಕಟ್ಟಡಗಳ ಬುಡದಲ್ಲಿ, ತಗಡಿನ ಶೆಡ್ಡುಗಳಲ್ಲಿ ಬಾಳುತ್ತಿವೆ. ಊರವರು ಅವರನ್ನು ಘಟ್ಟದವರು ಎನ್ನುತ್ತಾರೆ. ವರ್ಷಕ್ಕೆ 600 ಮಿಲಿಮೀಟರಿನ ಆಸುಪಾಸು ಮಳೆ ಕಾಣುವ ನೆಲದಿಂದ ಹೊರಟು 4,000 ಮಿಲಿಮೀಟರಿಗೂ ಮೀರಿ ಸುರಿಯುವ ನೆಲಕ್ಕೆ ಬಂದವರು ಅವರು. ಅವರಲ್ಲಿ ಇಷ್ಟಲಿಂಗವನ್ನು ಧರಿಸಿದವರೂ ಇದ್ದಾರೆ, ಧರಿಸದವರೂ ಇದ್ದಾರೆ. ಯಾರು ಯಾರೆಂದು ಕೇಳುವ ಅಗತ್ಯ ನಮಗಿಲ್ಲ. ಬಸವಣ್ಣನವರು ಕೇಳಬೇಡಿರೆಂದೇ ಹೇಳಿದ್ದಾರೆ.

2020ರ ಸೆಪ್ಟೆಂಬರ್ 20ರ ಭಾನುವಾರವನ್ನು ಉಡುಪಿಯವರು ಮರೆಯಲಾರರು. ಹಿಂದಿನ ರಾತ್ರಿಯಿಂದ ಎಡೆಬಿಡದೆ ಸುರಿದ ಮಳೆಗೆ ಸ್ವರ್ಣೆ ಉಕ್ಕಿದಳು. ಕಲ್ಸಂಕ, ಬೈಲಕೆರೆಗಳು ಜಲಾವೃತವಾದವು. ಶ್ರೀಕೃಷ್ಣ ಮಠದ ಪರಿಸರಕ್ಕೇ ನೀರು ನುಗ್ಗಿತು. ರಾಷ್ಟ್ರೀಯ ವಿಪತ್ತು ಸ್ಪಂದನಾ ಪಡೆಯ ದೋಣಿಗಳು ಬೀದಿಗಳಲ್ಲಿ ಓಡಾಡಿದವು. ಮುಂದಿನ ವರ್ಷ ಮೇ ತಿಂಗಳಲ್ಲಿ ತೌಕ್ತೆ ಚಂಡಮಾರುತ ಬಂತು. ಕಾಪುವಿನ ಬಳಿ ಕಡಲ ಬಂಡೆಗಳ ನಡುವೆ ಸಿಲುಕಿದ ಟಗ್ ಹಡಗಿನಲ್ಲಿದ್ದ 9 ಜನರನ್ನು 2021ರ ಮೇ 17ರಂದು ನೌಕಾಪಡೆಯೂ ತಟರಕ್ಷಣಾ ಪಡೆಯೂ ಸೇರಿ ರಕ್ಷಿಸಿದಾಗ ಕರಾವಳಿಯೆಲ್ಲ ನಿಟ್ಟುಸಿರು ಬಿಟ್ಟಿತು. ಹೆಲಿಕಾಪ್ಟರಿನ ಚಿತ್ರವನ್ನು ಎಲ್ಲರೂ ನೋಡಿದರು. ಅದೇ ಚಂಡಮಾರುತದಲ್ಲಿ ಹೆಂಚು ಹಾರಿಹೋದ ದಡದ ಮನೆಗಳ ಚಿತ್ರ ಎಷ್ಟು ಜನರ ನೆನಪಿನಲ್ಲಿದೆ? ಪ್ರಾಣ ಉಳಿದ ಕ್ಷಣಕ್ಕೆ ಚಪ್ಪಾಳೆ ದೊರೆಯುತ್ತದೆ. ಉಳಿದ ಪ್ರಾಣ ಆ ರಾತ್ರಿ ಎಲ್ಲಿ ಮಲಗಿತೆಂದು ವಿಚಾರಿಸುವವರು ಕಡಿಮೆ.

ಇಲ್ಲಿಗೆ ಬರುವಷ್ಟರಲ್ಲಿ ಒಬ್ಬ ಭಕ್ತರು ಹೇಳಿಯೇ ಹೇಳುತ್ತಾರೆ: ಅದು ಸರ್ಕಾರದ ಕೆಲಸ, ತೆರಿಗೆ ಕೊಡುತ್ತಿಲ್ಲವೇ, ಕಾಳಜಿ ಕೇಂದ್ರ ತೆರೆಯುತ್ತಾರಲ್ಲ ಎಂದು. ತೆರೆಯುತ್ತಾರೆ, ನಿಜ. 2005ರ ವಿಪತ್ತು ನಿರ್ವಹಣಾ ಕಾಯಿದೆಯ ಅಡಿಯಲ್ಲಿ ರಾಷ್ಟ್ರೀಯ ವಿಪತ್ತು ನಿರ್ವಹಣಾ ಪ್ರಾಧಿಕಾರವು ಪರಿಹಾರ ಕೇಂದ್ರಗಳಿಗೆ ಕನಿಷ್ಠ ಮಾನದಂಡಗಳನ್ನೂ ವಿಧಿಸಿದೆ: ಒಬ್ಬೊಬ್ಬರಿಗೆ 3.5 ಚದರ ಮೀಟರ್ ಸ್ಥಳ, 30 ಜನಕ್ಕೆ ಒಂದು ಶೌಚಾಲಯ, ದಿನಕ್ಕೆ ತಲಾ 3 ಲೀಟರ್ ಕುಡಿಯುವ ನೀರು. ಒಂದು ಚಾಪೆಯನ್ನು ಹಾಸಿ ಅದರ ಸುತ್ತ ತುಸು ಜಾಗ ಬಿಟ್ಟರೆ ಮುಗಿಯಿತು, ಅಷ್ಟೇ ಆ ಅಳತೆ. ಅದೂ ಬಹುಪಾಲು ಶಾಲೆಯ ಕೊಠಡಿ. ನೀರಿಳಿದ ಮೇಲೆ ಶಾಲೆ ನಡೆಯಬೇಕು, ಕೇಂದ್ರ ಮುಚ್ಚಬೇಕು. ಮುಚ್ಚಿದ ಮರುದಿನ ಗೋಡೆ ಕುಸಿದ ಮನೆಯವನು ಎಲ್ಲಿಗೆ ಹೋಗುತ್ತಾನೆ?

ಪರಿಹಾರಧನ ಬರುತ್ತದಲ್ಲ ಎಂದರೆ, ಅದಕ್ಕೂ ಒಂದು ನಿಯಮವಿದೆ. ವಿಪತ್ತು ಪರಿಹಾರ ನಿಧಿಯ ಮಾರ್ಗಸೂಚಿಯಲ್ಲಿ ಹಾನಿಗೊಳಗಾದ ಮನೆಯು ಅಧಿಕೃತ ಕಟ್ಟಡವಾಗಿರಬೇಕು, ಸಕ್ಷಮ ಅಧಿಕಾರಿಯಿಂದ ದೃಢೀಕರಣಗೊಂಡಿರಬೇಕು ಎಂಬ ಷರತ್ತಿದೆ. ಸರ್ಕಾರಕ್ಕೆ ಅಂತಹ ಷರತ್ತು ಬೇಕಾಗುತ್ತದೆ, ಲೆಕ್ಕ ಕೊಡಬೇಕಲ್ಲ. ಆದರೆ ಗುತ್ತಿಗೆದಾರನು ಹಾಕಿಕೊಟ್ಟ ತಗಡಿನ ಶೆಡ್ಡಿಗೆ ಮನೆ ಸಂಖ್ಯೆಯೂ ಇಲ್ಲ, ಖಾತೆಯೂ ಇಲ್ಲ. ಅವನ ರೇಷನ್ ಕಾರ್ಡಿನ ವಿಳಾಸ ಹುನಗುಂದವೋ ಸಿಂದಗಿಯೋ ಆಗಿರುತ್ತದೆ. ಸರ್ಕಾರದ ಕೈ ಎಲ್ಲಿಯವರೆಗೆ ಚಾಚುತ್ತದೆಯೋ ಅಲ್ಲಿಗೆ ಅದರ ನಿಯಮ ಮುಗಿಯುತ್ತದೆ. ಭಕ್ತನ ಕರ್ತವ್ಯ ಅಲ್ಲಿಂದ ಮೊದಲಾಗುತ್ತದೆ.

ಇನ್ನು ಕೆಲವರಿದ್ದಾರೆ. ಅವರಿಗೆ ಕೊಡಲು ಮನಸ್ಸಿದೆ, ಆದರೆ ಶಾಶ್ವತವಾದುದನ್ನೇ ಕೊಡಬೇಕು. ಮನೆ ಕಟ್ಟಿಸಿಕೊಡೋಣ, ಗೋಡೆಯಲ್ಲಿ ಶಿಲಾಫಲಕವಿರಲಿ, ಟರ್ಪಾಲು ಕೊಟ್ಟರೆ ಯಾರು ನೆನೆಯುತ್ತಾರೆ ಎಂಬ ಧೋರಣೆ. 2009ರ ಸೆಪ್ಟೆಂಬರ್ ಕೊನೆ ಮತ್ತು ಅಕ್ಟೋಬರ್ ಮೊದಲಲ್ಲಿ ಉತ್ತರ ಕರ್ನಾಟಕವನ್ನು ಮುಳುಗಿಸಿದ ಪ್ರವಾಹದಲ್ಲಿ 200ಕ್ಕೂ ಹೆಚ್ಚು ಜನ ಸತ್ತರು. ಆಗ ದಾನಿಗಳ ನೆರವಿನಿಂದ 'ಆಸರೆ' ಯೋಜನೆಯಲ್ಲಿ ಊರೂರುಗಳನ್ನೇ ಹೊಸದಾಗಿ ಕಟ್ಟಲಾಯಿತು. ಮಠಗಳೂ ಉದ್ಯಮಗಳೂ ಧಾರಾಳವಾಗಿ ಕೈಜೋಡಿಸಿದವು, ಅದು ಪುಣ್ಯದ ಕಾರ್ಯವೇ. ಆದರೆ ಮನೆ ಮೇಲೇಳುವವರೆಗೆ ಆ ಜನ ಬಿಸಿಲಿಗೆ ಬೇಯುವ ತಗಡಿನ ಶೆಡ್ಡುಗಳಲ್ಲಿ ಎಷ್ಟು ಕಾಲ ಕಳೆದರೆಂಬುದು ಯಾವ ಫಲಕದಲ್ಲಿಯೂ ಬರೆದಿಲ್ಲ. ಮೇಲೆದ್ದ ಮನೆಗಳಲ್ಲಿಯೂ ಎಷ್ಟೋ ಬೀಗ ಹಾಕಿಯೇ ಉಳಿದವು: ಹೊಲ ದೂರ, ದನ ಕಟ್ಟಲು ಜಾಗವಿಲ್ಲ, ನೀರಿಲ್ಲ. 2019ರ ಆಗಸ್ಟಿನಲ್ಲಿ ಕೃಷ್ಣೆ, ಮಲಪ್ರಭೆ, ಘಟಪ್ರಭೆಗಳು ಮತ್ತೆ ಉಕ್ಕಿದಾಗ ಹೊಳೆದಂಡೆಯ ಹಳೆಯ ಊರುಗಳಲ್ಲಿಯೇ ಉಳಿದಿದ್ದವರು ಮತ್ತೆ ಬೀದಿಗೆ ಬಿದ್ದರು. ಕೊಡಗಿನಲ್ಲಿ 2018ರ ಆಗಸ್ಟಿನಲ್ಲಿ ಗುಡ್ಡ ಜಾರಿತು; ಜಂಬೂರು, ಮದೆನಾಡುಗಳಲ್ಲಿ ಸಂತ್ರಸ್ತರಿಗೆ ಹೊಸ ಮನೆಗಳ ಕೀಲಿಕೈ ದೊರೆತದ್ದು 2020ರ ಜೂನಿನಲ್ಲಿ. ಇದು ಚೆನ್ನಾಗಿ ನಡೆದ ಕೆಲಸವೆಂದೇ ಹೆಸರಾದದ್ದು. ಹಾಗಿದ್ದೂ ನಡುವೆ ಒಂದು ಇಡೀ ಮಳೆಗಾಲ ಕಳೆದು ಎರಡನೆಯದು ಕಾಲಿಟ್ಟಿತ್ತು.

ಆ ನಡುವಿನ ಕಾಲವೇ ತುರ್ತು ವಸತಿ ನೀಡುವ ಸಂಸ್ಥೆಗಳ ಕ್ಷೇತ್ರ. ಅವರು ಕೊಡುವುದು ನೋಡಲು ಅಲ್ಪ. ರೆಡ್ ಕ್ರಾಸ್ ಒಕ್ಕೂಟ ರೂಪಿಸಿದ ವಸತಿ ಕಿಟ್ಟಿನಲ್ಲಿ ನಾಲ್ಕು ಮೀಟರ್ ಅಗಲ ಆರು ಮೀಟರ್ ಉದ್ದದ ಎರಡು ತಾಡಪತ್ರಿಗಳು (ನಮ್ಮ ಬಯಲುಸೀಮೆಯ ತಾಡಪತ್ರಿಯೇ ಇಲ್ಲಿನ ಟರ್ಪಾಲು), ಹಗ್ಗ, ಗರಗಸ, ಸುತ್ತಿಗೆ, ಮೊಳೆ, ತಂತಿ, ಸಲಿಕೆ, ಗುದ್ದಲಿ, ಕತ್ತಿ ಇರುತ್ತವೆ. ಇದರ ಹಿಂದಿರುವ ವಿವೇಕವನ್ನು ಗಮನಿಸಬೇಕು. ಸಂತ್ರಸ್ತನ ಕೈಯಲ್ಲಿ ತಟ್ಟೆಯ ಬದಲು ಹತ್ಯಾರವನ್ನು ಇಡುತ್ತಾರೆ. ಬಿದ್ದ ಮನೆಯ ಜಂತಿಯನ್ನು ತಾನೇ ಎತ್ತಿ, ಮೇಲೆ ತಾಡಪತ್ರಿ ಎಳೆದು, ತನ್ನ ನೆಲದಲ್ಲಿ, ತನ್ನ ದನದ ಪಕ್ಕದಲ್ಲಿ, ಆ ರಾತ್ರಿಯೇ ಮಲಗುವಂತೆ ಮಾಡುತ್ತಾರೆ. ಕಾಯಕ ತತ್ತ್ವವನ್ನು ಓದಿದವರು ಇದಕ್ಕಿಂತ ಹತ್ತಿರದ ಸೇವೆಯನ್ನು ತೋರಿಸಲಿ ನೋಡೋಣ. 2000ದಲ್ಲಿ ಇಂಗ್ಲೆಂಡಿನ ಕಾರ್ನ್‌ವಾಲಿನ ಒಂದು ರೋಟರಿ ಕ್ಲಬ್ಬಿನಿಂದ ಹುಟ್ಟಿದ ಶೆಲ್ಟರ್ ಬಾಕ್ಸ್ ಎಂಬ ಸಂಸ್ಥೆ ಡೇರೆ, ಹೊದಿಕೆ, ಒಲೆ, ನೀರು ಶುದ್ಧೀಕರಿಸುವ ಸಾಧನಗಳನ್ನು ಒಂದೇ ಪೆಟ್ಟಿಗೆಯಲ್ಲಿ ತುಂಬಿಡುವ ಉಪಾಯ ಮಾಡಿತು. ಆ ಪೆಟ್ಟಿಗೆಗಳು ಜಗತ್ತಿನಲ್ಲಿ ಮೊಟ್ಟಮೊದಲು ತಲುಪಿದ್ದು ನಮ್ಮ ದೇಶಕ್ಕೇ: 2001ರ ಜನವರಿ 26ರ ಗುಜರಾತ್ ಭೂಕಂಪದ ನಂತರ, 143 ಪೆಟ್ಟಿಗೆಗಳು. ಕಾರ್ನ್‌ವಾಲಿನ ಒಂದು ಸಣ್ಣ ಊರಿನವರಿಗೆ ಭುಜ್‌ನವರು ಏನಾಗಬೇಕು? ಬಾಗಲಕೋಟೆಯವರು ನಮಗೆ ಏನಾಗಬೇಕೆಂಬುದನ್ನು ಅದರೊಡನೆ ಹೋಲಿಸಿಕೊಳ್ಳಬಹುದು.

ರೆಡ್ ಕ್ರಾಸ್ ಎಂದೊಡನೆ ಅದು ಕ್ರೈಸ್ತರ ಸಂಸ್ಥೆ, ನಮ್ಮ ಕಾಣಿಕೆ ಅಲ್ಲಿಗೇಕೆ ಎನ್ನುವವರೂ ಇದ್ದಾರೆ. ಆ ಚಿಹ್ನೆ 1864ರಲ್ಲಿ ಸ್ವೀಕೃತವಾದದ್ದು. ಸ್ವಿಟ್ಜರ್ಲೆಂಡಿನ ಧ್ವಜದ ಬಣ್ಣಗಳನ್ನು ತಿರುಗಿಸಿದರೆ ಅದೇ ದೊರೆಯುತ್ತದೆ. ಭಾರತೀಯ ರೆಡ್ ಕ್ರಾಸ್ 1920ರ ಕಾಯಿದೆಯಿಂದ ಸ್ಥಾಪಿತವಾದ ಸಂಸ್ಥೆ, ರಾಷ್ಟ್ರಪತಿಗಳೇ ಅದರ ಅಧ್ಯಕ್ಷರು, ಉಡುಪಿಯಲ್ಲಿಯೂ ಅದರ ಜಿಲ್ಲಾ ಘಟಕವಿದೆ. ಅಷ್ಟಕ್ಕೂ ಅದು ಯಾವ ಮತದವರದೇ ಆಗಿದ್ದರೂ ಏನು? ಇವನು ಯಾರವನೆಂದು ಕೇಳುವುದನ್ನೇ ಬಿಡಿರೆಂದ ಗುರುವಿನ ಮಕ್ಕಳು ತಾಡಪತ್ರಿಗೆ ಜಾತಿ ಕೇಳುವುದೇ? ಹೊರಗಿನ ಜನ ಕೇಳಿದರೆ ನಗುತ್ತಾರೆ.

ಬೇರೆಯವರಿಗೇಕೆ, ಮಠದಿಂದಲೇ ನೇರವಾಗಿ ಮಾಡೋಣ ಎನ್ನುವ ಮಾತು ಸ್ವಲ್ಪ ಗೌರವಕ್ಕೆ ಅರ್ಹವಾದದ್ದು. ಆದರೆ ನಾವು ನೇರವಾಗಿ ಮಾಡುವುದು ಹೇಗಿರುತ್ತದೆ? ನೆರೆ ಬಂದ ಮೂರನೆಯ ದಿನ ಸಭೆ, ಐದನೆಯ ದಿನ ಸಂಗ್ರಹ, ಎಂಟನೆಯ ದಿನ ಬ್ಯಾನರ್ ಕಟ್ಟಿದ ಲಾರಿ. ಲಾರಿಯ ತುಂಬ ಹಳೆಯ ಸೀರೆ, ಹರಿದ ಪ್ಯಾಂಟು, ಅವಧಿ ಮೀರಿದ ಬಿಸ್ಕತ್ತು. 2004ರ ಸುನಾಮಿಯ ನಂತರ ತಮಿಳುನಾಡಿನ ಕರಾವಳಿಯಲ್ಲಿ ದೇಶದ ಮೂಲೆಮೂಲೆಯಿಂದ ಬಂದ ಹಳೆಬಟ್ಟೆಗಳು ರಸ್ತೆಯ ಬದಿಯಲ್ಲಿ ರಾಶಿ ಬಿದ್ದು ಕೊಳೆತವು. ಅವನ್ನು ವಿಂಗಡಿಸಿ ಉಪಯೋಗಕ್ಕೆ ತರುವುದೇ ಗೂಂಜ್‌ನಂತಹ ಸಂಸ್ಥೆಗೆ ದೊಡ್ಡ ಕೆಲಸವಾಯಿತು. ಮನೆಯ ಕಪಾಟು ಖಾಲಿ ಮಾಡಿಕೊಳ್ಳುವುದನ್ನು ದಾನವೆಂದರೂ ಹೆಚ್ಚು, ದಾಸೋಹವಂತೂ ಅಲ್ಲವೇ ಅಲ್ಲ. ದಾನದಲ್ಲಿ ಕೊಡುವವನು ಮೇಲೆ ನಿಲ್ಲುತ್ತಾನೆ. ನಾನು ದಾಸನು ಎಂದುಕೊಂಡವನು ಕೊಳ್ಳುವವನಿಗೆ ಏನು ಬೇಕೆಂದು ಮೊದಲು ಕೇಳುತ್ತಾನೆ.

ಇಲ್ಲಿ ಆಯ್ದಕ್ಕಿ ಲಕ್ಕಮ್ಮನವರ ಪ್ರಸಂಗ ನೆನಪಿಗೆ ಬರುತ್ತದೆ. ಕಲ್ಯಾಣದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತರುವುದು ಮಾರಯ್ಯನವರ ಕಾಯಕ. ಒಂದು ದಿನ ಅವರು ವಾಡಿಕೆಗಿಂತ ಹೆಚ್ಚು ಅಕ್ಕಿ ತಂದಾಗ ಲಕ್ಕಮ್ಮನವರು ಅದನ್ನು ಮರಳಿ ಸುರಿದು ಬರುವಂತೆ ಹೇಳಿದರು. ಈ ಕಥೆಯನ್ನು ನಾವು ಅತಿಯಾಸೆಯನ್ನು ಖಂಡಿಸಲು ಮಾತ್ರ ಹೇಳುತ್ತೇವೆ. ಅದರೊಳಗೆ ಇನ್ನೊಂದು ಅಳತೆಗೋಲಿದೆ. ತಂದವನ ಉದಾರತೆ, ಶ್ರಮ, ಸಂತೋಷ ಯಾವುದನ್ನೂ ಆ ತಾಯಿ ಲೆಕ್ಕಕ್ಕೆ ಹಿಡಿಯಲಿಲ್ಲ. ಅಂದಿನ ದಾಸೋಹಕ್ಕೆ ಎಷ್ಟು ಬೇಕು ಎಂಬುದೊಂದನ್ನೇ ನೋಡಿದರು. ನಮ್ಮ ಲಾರಿಗಳನ್ನು ಆ ತಾಯಿಯ ಬಾಗಿಲಲ್ಲಿ ನಿಲ್ಲಿಸಿದರೆ ಎಷ್ಟು ಮೂಟೆಗಳು ಒಳಗೆ ಹೋಗುತ್ತಿದ್ದವು? ಇದೇ ಅಳತೆಗೋಲಿನಿಂದ ನೋಡಿದರೆ, ಸಿದ್ಧವಾಗಿ ಗೋದಾಮು ಇರುವ, ಯಾವ ಊರಿಗೆ ಎಷ್ಟು ಬೇಕೆಂದು ಎಣಿಸಲು ಬಲ್ಲ, ಎರಡನೆಯ ದಿನವೇ ತಲುಪುವ ಸಂಸ್ಥೆಗೆ ಹಣವನ್ನು ಒಪ್ಪಿಸುವುದು ಶರಣಧರ್ಮಕ್ಕೆ ಹತ್ತಿರ. ನಮ್ಮ ಹೆಸರು ಅಲ್ಲಿ ಕಾಣುವುದಿಲ್ಲ. ಕಾಣದಿರಲಿ.

ಸಂಸ್ಥೆಗಳು ಹಣ ನುಂಗುತ್ತವೆ ಎಂಬ ಆಕ್ಷೇಪ ಉಳಿಯಿತು. ನುಂಗುವವೂ ಇವೆ. ಆದ್ದರಿಂದ ವಿಚಾರಿಸಿ ಕೊಡಬೇಕು: ನೋಂದಣಿ ಇದೆಯೇ, ಲೆಕ್ಕಪರಿಶೋಧಿತ ವಾರ್ಷಿಕ ವರದಿಯನ್ನು ಪ್ರಕಟಿಸುತ್ತಾರೆಯೇ, ಕಳೆದ ನೆರೆಯಲ್ಲಿ ಎಲ್ಲಿ ಏನು ಹಂಚಿದರೆಂದು ಹೇಳಬಲ್ಲರೇ, ರಸೀತಿ ಕೊಡುತ್ತಾರೆಯೇ. ಉತ್ತರ ಸರಿಯಿಲ್ಲದಿದ್ದರೆ ಬಿಟ್ಟು ಬೇರೊಬ್ಬರನ್ನು ನೋಡಬೇಕು. ಆದರೆ ಈ ಶಂಕೆ ಟರ್ಪಾಲಿಗೆ ಹಣ ಕೇಳಿದಾಗ ಮಾತ್ರ ಜಾಗೃತವಾಗುವುದು ವಿಚಿತ್ರ. ಬೆಳ್ಳಿಯ ಪಲ್ಲಕ್ಕಿಗೆ, ಕಳಸದ ಚಿನ್ನದ ಲೇಪಕ್ಕೆ, ಮೆರವಣಿಗೆಯ ವಿದ್ಯುದ್ದೀಪಗಳಿಗೆ ಕೊಡುವಾಗ ಲೆಕ್ಕ ಕೇಳಿದವರು ಎಷ್ಟು ಮಂದಿ?

ಉಳ್ಳವರು ಕಟ್ಟುವ ಗುಡಿಗಿಂತ ಬಡವನ ದೇಹವೇ ಶಿವನ ನೆಲೆಯೆಂದು ಬಸವಣ್ಣನವರು ಸಾರಿದ ವಚನ ಬಾಯಿಗೆ ಬಾರದವರು ನಮ್ಮಲ್ಲಿಲ್ಲ. ದೇಹವೇ ದೇಗುಲವಾದ ಮೇಲೆ ಆ ದೇಗುಲಕ್ಕೆ ಮಳೆ ಬಡಿಯದಂತೆ ನೋಡಿಕೊಳ್ಳುವವರು ಯಾರು ಎಂಬ ಪ್ರಶ್ನೆಯನ್ನು ಮಾತ್ರ ಯಾವ ಪ್ರವಚನದಲ್ಲಿಯೂ ಕೇಳಿಲ್ಲ. ಕಾರ್ಕಳದ ಬಂಡೆಯ ಮೇಲೆ ಗೊಮ್ಮಟೇಶ್ವರನು 1432ರಿಂದ ಬಯಲಿನಲ್ಲಿ ಮಳೆಗಾಳಿಗೆ ಮೈಯೊಡ್ಡಿ ನಿಂತಿದ್ದಾನೆ. ಎಲ್ಲವನ್ನೂ ತ್ಯಜಿಸಿ ನಿಂತವನಿಗೆ ಅದು ಮಹಿಮೆ, ಜೈನ ಬಂಧುಗಳಿಗೂ ನಮಗೂ ಕೈಮುಗಿಯುವಂತಹ ಮಹಿಮೆ. ಅದೇ ಗುಡ್ಡದ ಮಳೆಯಲ್ಲಿ ಕಲ್ಲುಕೋರೆಯ ಶೆಡ್ಡಿನ ಕೂಸು ನೆನೆದರೆ ಅದು ತ್ಯಾಗವಲ್ಲ. ಕಲ್ಲಿನ ನಾಗನಿಗೆ ಹಾಲನ್ನೂ ಜೀವವಿರುವ ಹಾವಿಗೆ ದೊಣ್ಣೆಯನ್ನೂ ತೋರುವ ಭಕ್ತಿಯನ್ನು ಬಸವಣ್ಣನವರು ಹಂಗಿಸಿದಾಗ ಅವರ ದೃಷ್ಟಿ ಇದ್ದುದು ಈ ವ್ಯತ್ಯಾಸದ ಮೇಲೆ. ನಾಗಬನಗಳ ಈ ನಾಡಿನಲ್ಲಿ ಕುಳಿತು ಆ ವಚನ ಓದುವಾಗ ನಾವು ಪರರ ಆಚಾರವನ್ನು ನೋಡಿ ಮುಗುಳ್ನಗುತ್ತೇವೆ. ವಚನದ ಕೊನೆಯ ಪೆಟ್ಟು ಬೀಳುವುದು ಹಸಿದು ಬಂದ ಜಂಗಮನನ್ನು ಮುಂದೆ ಹೋಗೆಂದವನ ಮೇಲೆ, ಅದನ್ನು ಮರೆಯುತ್ತೇವೆ.

ಕೊಡುವುದಾದರೆ ಯಾವಾಗ ಕೊಡಬೇಕು? ನೆರೆಯ ಚಿತ್ರ ಪತ್ರಿಕೆಯಲ್ಲಿ ಬಂದ ಮೇಲೆ ಕೊಟ್ಟ ಹಣ ಮುಂದಿನ ನೆರೆಗೆ ತಲುಪುತ್ತದೆ, ಈ ನೆರೆಗಲ್ಲ. ತಾಡಪತ್ರಿ ಮೇ ತಿಂಗಳಲ್ಲೇ ಗೋದಾಮಿನಲ್ಲಿರಬೇಕು. ಇದಕ್ಕೆ ಉಪಾಯವನ್ನು ಉಡುಪಿಯೇ ದೇಶಕ್ಕೆ ಕಲಿಸಿದೆ. 1925ರಲ್ಲಿ ಇಲ್ಲಿ ಹುಟ್ಟಿದ, ಮುಂದೆ ಸಿಂಡಿಕೇಟ್ ಬ್ಯಾಂಕ್ ಎನಿಸಿ 2020ರ ಏಪ್ರಿಲ್ 1ರಂದು ಕೆನರಾ ಬ್ಯಾಂಕಿನಲ್ಲಿ ವಿಲೀನವಾದ ಬ್ಯಾಂಕು 1928ರಲ್ಲಿ ಪಿಗ್ಮಿ ಠೇವಣಿಯನ್ನು ಆರಂಭಿಸಿತು. ಬ್ಯಾಂಕಿನವರು ಮನೆಬಾಗಿಲಿಗೆ ಬಂದು ದಿನಕ್ಕೆ ಎರಡಾಣೆಯನ್ನೂ ಸಂಗ್ರಹಿಸುತ್ತಿದ್ದರು. ಆ ಎರಡಾಣೆಗಳಿಂದ ಎಷ್ಟೋ ಮನೆಗಳ ಮದುವೆ, ಓದು, ಕೃಷಿ ನಡೆದವು. ನಮ್ಮ ಭಕ್ತರಲ್ಲಿ ಆ ಬ್ಯಾಂಕಿನಲ್ಲಿ ದುಡಿದು ನಿವೃತ್ತರಾದವರೇ ಎಷ್ಟೋ ಮಂದಿ. ಲೆಕ್ಕವಿಡುವುದನ್ನು ಅವರಿಗೆ ಯಾರೂ ಕಲಿಸಬೇಕಾಗಿಲ್ಲ. ಮನೆಗೊಂದು ಡಬ್ಬಿ, ದಿನವೂ ಇಷ್ಟಲಿಂಗ ಪೂಜೆ ಮುಗಿದ ಮೇಲೆ ಅದಕ್ಕೆ ಹತ್ತು ರೂಪಾಯಿ. ಒಂದು ಮನೆಯಿಂದ ವರ್ಷಕ್ಕೆ 3,650 ರೂಪಾಯಿ. ಉಡುಪಿ, ಮಣಿಪಾಲ, ಕಾಪು, ಕಾರ್ಕಳಗಳ ಭಕ್ತರಲ್ಲಿ 100 ಮನೆಗಳು ಸೇರಿದರೆ 3,65,000 ರೂಪಾಯಿ. ಇದು ಯಾರ ಹಬ್ಬವನ್ನೂ ಕಿತ್ತುಕೊಳ್ಳುವ ಮೊತ್ತವಲ್ಲ.

ಹಣವಲ್ಲದೆ ಇನ್ನೊಂದಿದೆ, ಅದು ಹೆಚ್ಚು ಕಷ್ಟದ್ದು. ಸಮಾಜದ ಸಭಾಭವನಗಳೂ ಕಲ್ಯಾಣಮಂಟಪಗಳೂ ಮಳೆಗಾಲದಲ್ಲಿ, ವಿಶೇಷವಾಗಿ ಆಷಾಢದಲ್ಲಿ, ಬಹುಪಾಲು ಖಾಲಿ ಇರುತ್ತವೆ. ಗಟ್ಟಿ ಸೂರು, ಅಡುಗೆಮನೆ, ಬಾವಿ, ಶೌಚಾಲಯ ಎಲ್ಲವೂ ಇವೆ. ಕೂಲಿಯವರನ್ನು ಒಳಗೆ ಬಿಟ್ಟರೆ ನೆಲ ಗಲೀಜಾಗುತ್ತದೆ, ಮತ್ತೆ ಹೊರಡಿಸುವುದು ಕಷ್ಟ ಎಂಬ ಮಾತು ಸಮಿತಿಗಳಲ್ಲಿ ಕೇಳಿಬರುತ್ತದೆ. ನೆಲವನ್ನು ತೊಳೆಯಬಹುದು. ಹೊರಡಿಸುವ ಕಷ್ಟ ತಪ್ಪಿಸಲೆಂದೇ ಮೊದಲೇ ತಹಶೀಲ್ದಾರರ ಕಚೇರಿಗೆ ಪತ್ರ ಬರೆದು, ಇಷ್ಟು ಜನಕ್ಕೆ, ಇಷ್ಟು ದಿನಕ್ಕೆ, ಈ ಕಟ್ಟಡ ಲಭ್ಯ ಎಂದು ತಿಳಿಸಿ, ಕಾಳಜಿ ಕೇಂದ್ರಗಳ ಪಟ್ಟಿಯಲ್ಲಿ ಸೇರಿಸುವಂತೆ ಕೋರಬಹುದು.

ಬಸವ ಜಯಂತಿ ಅಕ್ಷಯ ತೃತೀಯೆಯಂದು ಬರುತ್ತದೆ. ಮುಂಗಾರು ಕರಾವಳಿಯನ್ನು ಮುಟ್ಟಲು ಅಲ್ಲಿಂದ ಐದಾರು ವಾರಗಳ ಅವಧಿ ಇರುತ್ತದೆ. ಜಯಂತಿಯ ಸಿದ್ಧತೆಗೆ ಸೇರುವ ಸಭೆಯಲ್ಲಿ ಮೆರವಣಿಗೆಯ ದಾರಿಯನ್ನು ಗೊತ್ತುಮಾಡುವ ಮೊದಲು ಎರಡು ವಿಷಯಗಳು ತೀರ್ಮಾನವಾಗಲಿ: ಡಬ್ಬಿಯ ಹಣ ಈ ವರ್ಷ ಯಾವ ಸಂಸ್ಥೆಗೆ, ಮತ್ತು ನಡುರಾತ್ರಿ ಫೋನು ಬಂದರೆ ಸಭಾಭವನದ ಕೀಲಿಕೈ ಯಾರ ಮನೆಯಲ್ಲಿರುತ್ತದೆ.